‘ಕ್ರೆಡಿಟ್’ ಎಂಬ ಶಬ್ದದ ಫಜೀತಿ



ನಮ್ಮ ಸಂಘದ ಪತ್ರಿಕೆಗೆ ಕಥೆ, ಕವಿತೆ ಕೊಡುವವರು ಸಾಕಷ್ಟು ಜನ ಇದ್ದಾರೆ. ನಾನು ಕಾಮರ್ಸ್ ವಿದ್ಯಾರ್ಥಿ. ಕವಿತೆ ಬರೆಯಲು ಕೂತರೆ ಕಡೆಗೆ ಎಡಬಲ ಕೂಡಿಸಿ ಕೆಳಗೆ ಎರಡು ಗೆರೆ ಎಳೆದುಬಿಡುತ್ತೇನೋ ಏನೋ! ಆದುದರಿಂದ ನನಗೆ ಗೊತ್ತಿರುವ ಒಂದೇ ಒಂದು ಇಂಗ್ಲಿಷ್ ಶಬ್ದದ ಬಗ್ಗೆ ಬರೆಯುತ್ತೇನೆ. ಅದು ‘ಕ್ರೆಡಿಟ್’. ಈ ಶಬ್ದ ನನ್ನ ಮಾನ ಕಳೆದಿದೆ, ನಮ್ಮ ಅವ್ವನ ಒಂದು ರಾತ್ರಿಯ ನಿದ್ದೆಯನ್ನೂ ಕಳೆದಿದೆ. ಹೀಗಾಗಿ ಅದರ ಬೆನ್ನು ಹತ್ತಿ ಹೋಗುವ ಹಕ್ಕು ನನಗಿದೆ ಅಂತ ತಿಳಿದಿದ್ದೇನೆ.

ನಾನು ಹತ್ತನೆಯ ಇಯತ್ತೆಯವರೆಗೆ ಕಲಿತದ್ದು ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಯಲ್ಲಿ. ಪುಣೆಗೆ ಬಂದು ಕಾಮರ್ಸ್ ಸೇರಿದಾಗ ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೊದಲ ವರ್ಷದ ದೀಪಾವಳಿ ರಜೆಗೆ ಊರಿಗೆ ಹೋದೆ. ಅವ್ವ ಪೆಟ್ಟಿಗೆಯಿಂದ ಬ್ಯಾಂಕಿನ ಪಾಸ್‌ಬುಕ್ ತೆಗೆದು, “ನೋಡಪಾ, ಎಷ್ಟ ಆಗ್ಯದ ಹೇಳು” ಅಂತ ಕೈಗೆ ಕೊಟ್ಟಳು. ಎಮ್ಮೆಯ ಹಾಲು ಮಾರಿ ಸ್ವಲ್ಪ ಸ್ವಲ್ಪವಾಗಿ ಕಟ್ಟಿದ ಹಣ. ಕಡೆಯ ಸಾಲಿನಲ್ಲಿ 6,240 ಅಂತ ಇತ್ತು. ಅದರ ಮುಂದೆ ಇಂಗ್ಲಿಷಿನಲ್ಲಿ ‘ಸಿ ಆರ್’ ಎಂಬ ಎರಡು ಅಕ್ಷರ.

ಆ ವಾರವಷ್ಟೇ ನಮಗೆ ಕ್ಯಾಶ್‌ಬುಕ್ ಪಾಠ ಮುಗಿದಿತ್ತು. ಬ್ಯಾಂಕಿನ ಕಾಲಮಿನಲ್ಲಿ ಕ್ರೆಡಿಟ್ ಶಿಲ್ಕು ಬಂದರೆ ಅದು ಓವರ್‌ಡ್ರಾಫ್ಟ್, ಅಂದರೆ ನಾವೇ ಬ್ಯಾಂಕಿಗೆ ಕೊಡಬೇಕಾದ ಹಣ, ಅಂತ ಸರ್ ಎರಡು ಸಲ ಬರೆಯಿಸಿದ್ದರು. ನಾನು ದೊಡ್ಡ ಪಂಡಿತನಂತೆ ಹೇಳಿಬಿಟ್ಟೆ: “ಅವ್ವಾ, ಇದು ಕ್ರೆಡಿಟ್ ಅದ. ನಾವು ಬ್ಯಾಂಕಿಗೆ ಆರು ಸಾವಿರ ಕೊಡಬೇಕಾಗ್ತದ.”

ಅವ್ವ ಸುಮ್ಮನೆ ನಿಂತಳು. ಆಮೇಲೆ, “ನಾ ಇಟ್ಟೀನಲ್ಲೋ? ಒಂದು ದಿನಾನೂ ತಗದಿಲ್ಲಲ್ಲೋ?” ಅಂದಳು. ಕಾಲೇಜು ಕಲಿತ ಮಗ ಹೇಳಿದ್ದು ಸುಳ್ಳಿರಲಿಕ್ಕಿಲ್ಲ ಅಂತ ಅವಳ ನಂಬಿಕೆ. ರಾತ್ರಿಯೆಲ್ಲ ಎದ್ದು ಕೂತಿದ್ದಳು. ಮರುದಿನ ಬ್ಯಾಂಕಿಗೆ ಹೋದರೆ ಅಲ್ಲಿಯವರು ನಕ್ಕು, “ಮಾವಶಿ, ಹಣ ನಿಮ್ಮದೇ, ಚಿಂತೆ ಬೇಡ” ಅಂತ ಹೇಳಿ ಕಳಿಸಿದರು. ನನ್ನ ಕಡೆ ನೋಡಿ, “ಯಾವ ಕಾಲೇಜು?” ಅಂತ ಕೇಳಿದರು. ಹೆಸರು ಹೇಳಲಿಲ್ಲ.

ತಪ್ಪು ಎಲ್ಲಿ ಆಯಿತು? ಸರ್ ಹೇಳಿದ್ದೂ ಸರಿ, ಪಾಸ್‌ಬುಕ್ಕೂ ಸರಿ. ಹಾಗಾದರೆ ಎರಡೂ ಒಂದಕ್ಕೊಂದು ಉಲ್ಟಾ ಯಾಕೆ?

ಪುಣೆಗೆ ಬಂದು ಇಂಗ್ಲಿಷ್–ಕನ್ನಡ ನಿಘಂಟು ತೆಗೆದೆ. ನಂಬಿಕೆ, ಸಾಲ, ಉದ್ರಿ, ಪತ್ತು, ಜಮೆ, ಕೀರ್ತಿ, ಶ್ರೇಯಸ್ಸು ಅಂತ ಸಾಲುಗಟ್ಟಿ ನಿಂತಿದ್ದವು. ಓದಿ ತಲೆ ಇನ್ನೂ ಕೆಟ್ಟಿತು. ಸಾಲಕ್ಕೂ ಕೀರ್ತಿಗೂ ಎಲ್ಲಿಯ ಸಂಬಂಧ? ನಮ್ಮ ಕಡೆ ಸಾಲ ಮಾಡಿದವನ ಕೀರ್ತಿ ಹೋಗುತ್ತದೆಯೇ ಹೊರತು ಬರುವುದಿಲ್ಲ. ಜಮೆ ಅಂದರೆ ಬಂದದ್ದು, ಉದ್ರಿ ಅಂದರೆ ಬಾಕಿ ನಿಂತದ್ದು. ಒಂದೇ ಶಬ್ದ ಇವೆರಡನ್ನೂ ಹೇಗೆ ಹೊರುತ್ತದೆ? ನಿಘಂಟು ಅರ್ಥಗಳನ್ನು ಕೊಡುತ್ತದೆ, ಅವನ್ನು ಪೋಣಿಸುವ ದಾರ ಮಾತ್ರ ಕೊಡುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದ ನಮ್ಮಂಥವರು ಸೋಲುವುದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ. ಶಬ್ದ ಗೊತ್ತಿಲ್ಲ ಅಂತ ಅಲ್ಲ, ಒಂದು ಅರ್ಥ ಗೊತ್ತಾದ ಕೂಡಲೇ ಅದನ್ನೇ ಎಲ್ಲ ಕಡೆ ಅಂಟಿಸುತ್ತೇವೆ.

ಆ ದಾರ ಲ್ಯಾಟಿನ್ ಭಾಷೆಯಲ್ಲಿ ಇದೆ. ಅಲ್ಲಿ ‘ಕ್ರೇದೆರೆ’ ಅಂದರೆ ನಂಬುವುದು, ಒಬ್ಬರ ವಶಕ್ಕೆ ನಂಬಿ ಕೊಡುವುದು. ‘ಕ್ರೇದಿತುಂ’ ಅಂದರೆ ಹಾಗೆ ನಂಬಿ ಕೊಟ್ಟದ್ದು. ಇನ್ನು ‘ದೇಬೇರೆ’ ಅಂದರೆ ಕೊಡಬೇಕಾಗಿರುವುದು, ಋಣದಲ್ಲಿ ಇರುವುದು. ಅದರಿಂದ ‘ಡೆಬಿಟ್’ ಬಂತು, ‘ಡೆಟ್’ ಎಂಬ ಶಬ್ದವೂ ಅದರ ಮನೆಯದೇ. ಅಂದಮೇಲೆ ಕ್ರೆಡಿಟರ್ ಅಂದರೆ ನಂಬಿದವನು, ಡೆಟರ್ ಅಂದರೆ ಕೊಡಬೇಕಾದವನು. ಕ್ರೆಡಿಟ್ ಅಂದರೆ ಸಾಲ ಅಲ್ಲ, ಸಾಲ ಕೊಡುವವನ ಮನಸ್ಸಿನಲ್ಲಿ ಇರಬೇಕಾದ ನಂಬಿಕೆ. ಹಣ ಆಮೇಲೆ ಬರುತ್ತದೆ.

ಇದನ್ನು ಹಿಡಿದುಕೊಂಡರೆ ಕೀರ್ತಿ, ಶ್ರೇಯಸ್ಸು ಎಂಬ ಅರ್ಥಗಳೂ ತಾವಾಗಿ ಬರುತ್ತವೆ. ಜನ ಯಾರನ್ನು ನಂಬುತ್ತಾರೋ ಅವರಿಗೆ ಹೆಸರು. ನಂಬಲಾಗದ್ದು ‘ಇನ್‌ಕ್ರೆಡಿಬಲ್’, ನಂಬಿಕೆ ಕೆಡಿಸುವುದು ‘ಡಿಸ್‌ಕ್ರೆಡಿಟ್’, ಏನು ಹೇಳಿದರೂ ನಂಬುವ ಭೋಳೆ ಮನುಷ್ಯ ‘ಕ್ರೆಡ್ಯುಲಸ್’. ನಮ್ಮನ್ನು ನಂಬಬಹುದು ಅಂತ ತೋರಿಸುವ ಕಾಗದಪತ್ರ ‘ಕ್ರೆಡೆನ್ಶಿಯಲ್ಸ್’. ನಮ್ಮ ಕಾಲೇಜಿಗೆ ನ್ಯಾಕ್ ತಂಡ ಬರುತ್ತದೆಂದು ಗೋಡೆಗೆ ಸುಣ್ಣ ಹೊಡೆಯಿಸುತ್ತಾರಲ್ಲ, ಆ ನ್ಯಾಕಿನ ಹೆಸರಿನಲ್ಲೂ ‘ಅಕ್ರೆಡಿಟೇಷನ್’ ಇದೆ. 1994ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯ ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ. ಈ ಕಾಲೇಜನ್ನು ನಂಬಬಹುದು ಅಂತ ಅವರು ಕೊಡುವ ಮಾತು ಅದು. ಸುಣ್ಣಕ್ಕೂ ನಂಬಿಕೆಗೂ ಸಂಬಂಧ ಎಷ್ಟು ಅಂತ ನಾನು ಹೇಳಲಾರೆ.

ಈಗ ಲೆಕ್ಕದ ಪುಸ್ತಕಕ್ಕೆ ಬರೋಣ. ಕಾಮರ್ಸ್ ಅಲ್ಲದ ಗೆಳೆಯರು ಹೆದರಬೇಡಿ, ಎರಡೇ ಪುಟ.

ನನ್ನನ್ನು ಬಹಳ ದಿನ ಕಾಡಿದ ಒಂದು ಲೆಕ್ಕ ಇದು. ‘ರಮೇಶನಿಗೆ 1,000 ರೂಪಾಯಿಯ ಮಾಲನ್ನು ಕ್ರೆಡಿಟ್ ಮೇಲೆ ಮಾರಿದೆವು.’ ಇದನ್ನು ಬರೆಯುವಾಗ ರಮೇಶನ ಖಾತೆಯನ್ನು ಡೆಬಿಟ್ ಮಾಡಬೇಕು. ಅಲ್ಲರೀ, ವಾಕ್ಯದಲ್ಲೇ ಕ್ರೆಡಿಟ್ ಅಂತ ಇದೆಯಲ್ಲ! ಮೊದಲ ಟೆಸ್ಟಿನಲ್ಲಿ ನಾನು ರಮೇಶನನ್ನು ಕ್ರೆಡಿಟ್ ಮಾಡಿ ಸೊನ್ನೆ ತಗೊಂಡೆ. ಈಗ ನಂಬಿಕೆಯ ಅರ್ಥ ಇಟ್ಟು ನೋಡಿ. ನಂಬಿದವರು ಯಾರು? ಮಾಲು ಕೊಟ್ಟ ನಾವು. ರಮೇಶ ಕೊಡಬೇಕಾದವನು, ಆದುದರಿಂದ ಅವನು ಡೆಟರ್, ಅವನ ಹೆಸರಿನಲ್ಲಿ ಡೆಬಿಟ್. ವಾಕ್ಯದಲ್ಲಿರುವ ಕ್ರೆಡಿಟ್ ನಮ್ಮ ಮನಸ್ಸಿನದು, ಖಾತೆಯಲ್ಲಿರುವ ಡೆಬಿಟ್ ಅವನ ತಲೆಯ ಮೇಲಿನದು.

ನಮ್ಮೂರ ಕಿರಾಣಿ ಅಂಗಡಿಯಲ್ಲಿ ಇದು ಇನ್ನೂ ಸುಲಭ. “ಸಾವಕಾರ್ರ, ನಮ್ಮ ಹೆಸರಿಗೆ ಬರಕೋರಿ” ಅಂದರೆ ಉದ್ರಿ ಅಂತ ಅರ್ಥ. ಮರಾಠಿ ಲೆಕ್ಕದಲ್ಲಿ ಡೆಬಿಟ್‌ಗೆ ‘ನಾವೇ’ ಅನ್ನುತ್ತಾರೆ, ಅದೂ ‘ಹೆಸರಿಗೆ’ ಎಂಬ ಮಾತೇ. ಕ್ರೆಡಿಟ್‌ಗೆ ‘ಜಮಾ’. ಕನ್ನಡದಲ್ಲಿ ಜಮಾ–ಖರ್ಚು ಅನ್ನುತ್ತೇವೆ. ಜಮಾ ಅರಬ್ಬಿಯಿಂದ ಬಂದದ್ದು, ಕೂಡಿಸಿದ್ದು ಅಂತ ಅದರ ಅರ್ಥ. ಖರ್ಚು, ನಗದು ಕೂಡ ಆ ಕಡೆಯವೇ. ಪೇಟೆಯಲ್ಲಿ ನಿಂತರೆ ಎಲ್ಲ ಭಾಷೆಯೂ ಒಂದು ಮನೆಯ ಮಕ್ಕಳಾಗುತ್ತವೆ. ಹಾಗಿದ್ದಾಗ ಇಂಗ್ಲಿಷ್ ಶಬ್ದಕ್ಕೆ ನಾವೇಕೆ ನಾಚಬೇಕು?

ಕ್ರೆಡಿಟ್ ಬಲಗಡೆ, ಡೆಬಿಟ್ ಎಡಗಡೆ ಬರೆಯುವ ಜೋಡಿ ನಮೂದಿನ ಪದ್ಧತಿ ಇಟಲಿಯ ವ್ಯಾಪಾರಿಗಳದ್ದು. ಲೂಕಾ ಪಚಿಯೋಲಿ ಎಂಬ ಸನ್ಯಾಸಿ, ಗಣಿತದ ಪಂಡಿತ, 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗಣಿತದ ಗ್ರಂಥದಲ್ಲಿ ಅದನ್ನು ವಿವರಿಸಿದ. ಅವನು ಅದನ್ನು ಕಂಡುಹಿಡಿದವನಲ್ಲ, ವೆನಿಸ್ಸಿನ ವ್ಯಾಪಾರಿಗಳು ಮೊದಲೇ ನಡೆಸುತ್ತಿದ್ದುದನ್ನು ಬರೆದಿಟ್ಟವನು. ಇಟಲಿಯವರು ಈಗಲೂ ಡೆಬಿಟ್‌ಗೆ ‘ದಾರೆ’, ಕ್ರೆಡಿಟ್‌ಗೆ ‘ಅವೇರೆ’ ಅನ್ನುತ್ತಾರೆ. ದಾರೆ ಅಂದರೆ ಕೊಡುವುದು, ಅವೇರೆ ಅಂದರೆ ಹೊಂದುವುದು. ಈತ ಕೊಡತಕ್ಕದ್ದು, ಈತನಿಗೆ ಬರತಕ್ಕದ್ದು. ಇಷ್ಟು ಸರಳವಾಗಿ ನಮಗೆ ಮೊದಲ ದಿನವೇ ಹೇಳಿದ್ದರೆ ಏನು ಹೋಗುತ್ತಿತ್ತು! ಡೆಬಿಟ್ ಎಂಬ ಶಬ್ದದಲ್ಲಿ ‘ಆರ್’ ಅಕ್ಷರವೇ ಇಲ್ಲ, ಆದರೂ ‘ಡಿ ಆರ್’ ಅಂತ ಬರೆಯುತ್ತೇವಲ್ಲ ಅಂತ ನಿಮಗೂ ಅನ್ನಿಸಿರಬಹುದು. ಅದು ಡೆಟರ್ ಎಂಬುದರ ಮೊದಲ ಮತ್ತು ಕಡೆಯ ಅಕ್ಷರ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ‘ಸಿ ಆರ್’ ಕ್ರೆಡಿಟರ್‌ದು.

ಎಡ, ಬಲ ಎಂಬುದು ದೇವರು ಬರೆದದ್ದಲ್ಲ. ನಮ್ಮ ದೇಶೀ ನಾಮಾ ಪದ್ಧತಿಯ ರೋಜಮೇಳದಲ್ಲಿ ಜಮಾ ಎಡಕ್ಕೆ, ಉಧಾರ ಬಲಕ್ಕೆ. ಅವರ ಲೆಕ್ಕವೂ ತಾಳೆಯಾಗುತ್ತದೆ.

ಇನ್ನು ಅವ್ವನ ಪಾಸ್‌ಬುಕ್. ಇಲ್ಲಿ ತಿಳಿಯಬೇಕಾದದ್ದು ಒಂದೇ ಮಾತು: ಪುಸ್ತಕ ಯಾರದು? ಪಾಸ್‌ಬುಕ್ ನಮ್ಮ ಪೆಟ್ಟಿಗೆಯಲ್ಲಿ ಇರುತ್ತದೆ, ಅದರ ಮೇಲೆ ನಮ್ಮ ಹೆಸರು ಇರುತ್ತದೆ, ಆದರೆ ಅದು ಬ್ಯಾಂಕಿನ ಪುಸ್ತಕ. ಬ್ಯಾಂಕು ತನ್ನ ದೊಡ್ಡ ಲೆಡ್ಜರಿನಲ್ಲಿ ಅವ್ವನ ಹೆಸರಿಗೆ ಏನು ಬರೆದುಕೊಂಡಿದೆಯೋ ಅದರ ನಕಲು. ಅವ್ವ 500 ರೂಪಾಯಿ ಕಟ್ಟಿದಾಗ ಬ್ಯಾಂಕಿಗೆ ನಗದು ಬಂತು, ನಗದು ಖಾತೆ ಡೆಬಿಟ್. ನಂಬಿ ಕೊಟ್ಟವಳು ಅವ್ವ, ಅವಳ ಖಾತೆ ಕ್ರೆಡಿಟ್. ಅದೇ ಅವ್ವ ತನ್ನದೇ ಒಂದು ವಹಿ ಇಟ್ಟಿದ್ದರೆ ಅದರಲ್ಲಿ ಬ್ಯಾಂಕಿನ ಖಾತೆ ಡೆಬಿಟ್ ಆಗುತ್ತಿತ್ತು, ಯಾಕೆಂದರೆ ಅಲ್ಲಿ ಕೊಡಬೇಕಾದದ್ದು ಬ್ಯಾಂಕು. ಸರ್ ಹೇಳಿದ್ದು ನಮ್ಮ ವಹಿಯ ಮಾತು, ಅವ್ವ ತೋರಿಸಿದ್ದು ಬ್ಯಾಂಕಿನ ವಹಿ. ಒಂದು ಹಣವನ್ನು ಇಬ್ಬರು ಎದುರುಬದುರು ಕೂತು ಬರೆದರೆ ಒಬ್ಬನ ಎಡ ಇನ್ನೊಬ್ಬನ ಬಲ.

ಇದು ಬರೀ ಲೆಕ್ಕದ ಚಮತ್ಕಾರ ಅಲ್ಲ, ಕಾಯಿದೆಯೂ ಹೀಗೇ ಹೇಳುತ್ತದೆ. 1848ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್, ಫೋಲೆ ವಿರುದ್ಧ ಹಿಲ್ ಎಂಬ ಪ್ರಕರಣದಲ್ಲಿ, ಬ್ಯಾಂಕಿಗೂ ಗಿರಾಕಿಗೂ ಇರುವ ಸಂಬಂಧ ಸಾಲಗಾರ ಮತ್ತು ಸಾಲ ಕೊಟ್ಟವನ ಸಂಬಂಧ ಅಂತ ತೀರ್ಪು ಕೊಟ್ಟಿತು. ನಾವು ಇಟ್ಟ ನೋಟು ಅಲ್ಲಿ ಕಪಾಟಿನಲ್ಲಿ ನಮ್ಮ ಹೆಸರಿನ ಚೀಟಿ ಅಂಟಿಸಿಕೊಂಡು ಕೂತಿರುವುದಿಲ್ಲ. ಅದು ಬ್ಯಾಂಕಿನದಾಗಿ ಹೋಯಿತು; ನಮಗೆ ಉಳಿದದ್ದು ಕೇಳಿ ಪಡೆಯುವ ಹಕ್ಕು. ಬ್ಯಾಂಕು ಮುಳುಗಿದರೆ ಈ ಹಕ್ಕಿಗೆ ಬೆಲೆ ಎಷ್ಟು ಎಂಬುದು ಆಗ ತಿಳಿಯುತ್ತದೆ. ಅದಕ್ಕೇ ಠೇವಣಿ ವಿಮೆ ಎಂಬುದೊಂದನ್ನು ಮಾಡಿದ್ದಾರೆ. 2020ರಲ್ಲಿ ಅದರ ಮಿತಿಯನ್ನು ಒಬ್ಬ ಠೇವಣಿದಾರನಿಗೆ 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿದರು. ಆದರೆ ಈ ವಿಮೆ ಬ್ಯಾಂಕುಗಳಿಗೆ ಮಾತ್ರ. ಓಣಿ ಓಣಿಯಲ್ಲಿ ಇರುವ ಪತಸಂಸ್ಥೆಗಳ ಠೇವಣಿಗೆ ಅದು ಅನ್ವಯಿಸುವುದಿಲ್ಲ. ಊರಲ್ಲಿ ಯಾರಾದರೂ ಕೇಳಿದರೆ ಇಷ್ಟನ್ನಾದರೂ ಹೇಳಿ.

ಪತಸಂಸ್ಥೆ ಅಂದೆನಲ್ಲ, ಪುಣೆಯಲ್ಲಿ ಈ ಬೋರ್ಡು ಇಲ್ಲದ ರಸ್ತೆ ಇಲ್ಲ. ಮೊದಲ ತಿಂಗಳು ನನಗೆ ಇದೇನೋ ಪತ್ರ ಬರೆಯುವ ಕಚೇರಿ ಅಂತ ಅನ್ನಿಸಿತ್ತು. ಆಮೇಲೆ ತಿಳಿಯಿತು, ಮರಾಠಿಯ ‘ಪತ’ ಅಂದರೆ ನಮ್ಮ ‘ಪತ್ತು’. ಪೇಟೆಯಲ್ಲಿ ಅವರಿಗೆ ಪತ್ತು ಇದೆ ಅನ್ನುತ್ತೇವಲ್ಲ, ಅಂದರೆ ಕೈಯಲ್ಲಿ ಕಾಸಿಲ್ಲದಿದ್ದರೂ ಅವರ ಮಾತಿನ ಮೇಲೆ ಮಾಲು ಸಿಗುತ್ತದೆ. ಇಂಗ್ಲಿಷಿನ ಕ್ರೆಡಿಟ್‌ಗೆ ಕನ್ನಡದಲ್ಲಿ ಇದಕ್ಕಿಂತ ಸರಿಯಾದ ಶಬ್ದ ಇಲ್ಲ ಅಂತ ನನ್ನ ಅಭಿಪ್ರಾಯ. ನಮ್ಮ ಹಿರಿಯರು ಕ್ರೆಡಿಟ್ ಸೊಸೈಟಿಯನ್ನು ‘ಸಾಲದ ಸಂಘ’ ಅನ್ನದೆ ‘ಪತ್ತಿನ ಸಂಘ’ ಅಂದರು. ಎಷ್ಟು ಯೋಚನೆ ಮಾಡಿದ್ದಾರೆ ನೋಡಿ.

ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದದ್ದು 1904ರಲ್ಲಿ. ಮರುವರ್ಷವೇ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದರು. ಆ ಕಾಯಿದೆಯಡಿ ದೇಶದಲ್ಲಿ ಎದ್ದ ಮೊಟ್ಟಮೊದಲ ಸಂಘಗಳಲ್ಲಿ ಅದು ಒಂದು. ಆಗ ಗದಗು ಧಾರವಾಡ ಜಿಲ್ಲೆಯಲ್ಲಿ, ಧಾರವಾಡ ಮುಂಬಯಿ ಪ್ರಾಂತದಲ್ಲಿ. ಪುಣೆಯೂ ನಾವೂ ಒಂದೇ ಸರಕಾರದ ಕೆಳಗೆ. ಹಳ್ಳಿಯ ಸಂಘಗಳಿಗೆ ಆ ಕಾಯಿದೆ ಒಂದು ಕಟ್ಟುನಿಟ್ಟು ಇಟ್ಟಿತ್ತು: ಸದಸ್ಯರ ಹೊಣೆಗೆ ಮಿತಿ ಇಲ್ಲ. ಅಂದರೆ ಸಂಘ ಸಾಲ ತೀರಿಸಲಾಗದೆ ಹೋದರೆ ಎಲ್ಲ ಸದಸ್ಯರೂ ತಮ್ಮ ಮನೆಯಿಂದ ತುಂಬಿಕೊಡಬೇಕು. ಹಾಗಿದ್ದ ಮೇಲೆ ಯಾರಿಗೆ ಸಾಲ ಕೊಡಬೇಕು ಎಂಬುದನ್ನು ಎಷ್ಟು ನೋಡಿ ಕೊಡುತ್ತಿದ್ದಿರಬೇಕು! ಅವನ ಹೊಲ ಎಷ್ಟು ಎಂಬುದಕ್ಕಿಂತ ಅವನು ಎಂಥವನು ಎಂಬುದೇ ಅಲ್ಲಿ ಮುಖ್ಯ. ಅದೇ ಪತ್ತು.

ಈಗ ಆ ಪತ್ತಿಗೆ ಅಂಕ ಬಂದಿದೆ. ಸಿಬಿಲ್ ಎಂಬ ಕಂಪನಿ 2000ದಲ್ಲಿ ಸ್ಥಾಪನೆಯಾಯಿತು. ಅದು ಕೊಡುವ ಕ್ರೆಡಿಟ್ ಸ್ಕೋರು 300ರಿಂದ 900ರವರೆಗೆ. ಎಂದೂ ಸಾಲ ಮಾಡದವನಿಗೆ ಒಳ್ಳೆಯ ಸ್ಕೋರು ಇರುವುದಿಲ್ಲ, ಇದೊಂದು ತಮಾಷೆ. ನಮ್ಮ ಅವ್ವ ಜನ್ಮದಲ್ಲಿ ಯಾರ ಕಾಸೂ ಉಳಿಸಿಕೊಂಡವಳಲ್ಲ, ಕಿರಾಣಿ ಸಾವಕಾರ ಕೇಳದೆಯೇ ಉದ್ರಿ ಬರೆದುಕೊಳ್ಳುತ್ತಾನೆ. ಕಂಪ್ಯೂಟರಿಗೆ ಮಾತ್ರ ಅವಳು ಅಪರಿಚಿತೆ. ಸಾವಕಾರನ ಕೆಂಪು ವಹಿಯನ್ನು ಕಂಪ್ಯೂಟರು ಓದಿಲ್ಲವಲ್ಲ.

ಇಷ್ಟರಲ್ಲಿ ಒಂದು ವಿಚಿತ್ರ ಸಂಗತಿ ಸಿಕ್ಕಿತು, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಲ್ಯಾಟಿನ್ನಿನ ‘ಕ್ರೇದೊ’ (ನಂಬುತ್ತೇನೆ) ಮತ್ತು ಸಂಸ್ಕೃತದ ‘ಶ್ರದ್ಧಾ’ ಒಂದೇ ಮೂಲದಿಂದ ಬಂದವು ಅಂತ ಭಾಷಾಶಾಸ್ತ್ರದವರು ಹೇಳುತ್ತಾರೆ. ಸಂಸ್ಕೃತದ ‘ಶ’ ಇರುವಲ್ಲಿ ಲ್ಯಾಟಿನ್ನಿನಲ್ಲಿ ‘ಕ’ ಬರುವುದು ವಾಡಿಕೆ: ಇಲ್ಲಿ ಶತ, ಅಲ್ಲಿ ಕೆಂತುಂ, ಇಲ್ಲಿ ದಶ, ಅಲ್ಲಿ ದೆಕೆಂ. ಹಾಗೆಯೇ ‘ಶ್ರತ್’ ಮತ್ತು ‘ಕ್ರೆದ್’. ಹಿಂದಿರುವ ‘ಧಾ’ ಅಂದರೆ ಇಡುವುದು. ಕನ್ನಡಕ್ಕೆ ಶ್ರದ್ಧೆಯೂ ಬೇರೆ ಮನೆಯಿಂದ ಬಂದದ್ದೇ, ಆದರೆ ಬಂದು ಎಷ್ಟು ಕಾಲವಾಯಿತೆಂದರೆ ಈಗ ಅದು ಮನೆಮಗಳು. ‘ಶ್ರದ್ಧೆಯಿಂದ ಓದು’ ಅಂತ ಅಪ್ಪ ಬೈಯುವಾಗ ಅವರು ಹೇಳುವ ಶಬ್ದವೂ, ಟೆಸ್ಟಿನಲ್ಲಿ ನನಗೆ ಸೊನ್ನೆ ಕೊಡಿಸಿದ ಶಬ್ದವೂ ದೂರದ ಅಕ್ಕತಂಗಿಯರು!

ಇನ್ನು ಬಳಕೆಯ ಮಾತು ಒಂದಿಷ್ಟು. ಇಂಗ್ಲಿಷಿನಲ್ಲಿ ಈ ಶಬ್ದದ ಜತೆ ಬರುವ ಚಿಕ್ಕ ಶಬ್ದ ತಪ್ಪಿದರೆ ಅರ್ಥವೇ ಕೆಡುತ್ತದೆ. ‘ಆನ್ ಕ್ರೆಡಿಟ್’ ಅಂದರೆ ಉದ್ರಿ. ‘ಟು ಹಿಸ್ ಕ್ರೆಡಿಟ್’ ಅಂದರೆ ಎರಡು ಅರ್ಥ: ಅವನ ಖಾತೆಯಲ್ಲಿ ಜಮೆಯಾಗಿ, ಅಥವಾ ಮೆಚ್ಚಬೇಕಾದ ಮಾತೆಂದರೆ. ‘ಸೋತರೂ ಜಗಳ ಆಡಲಿಲ್ಲ, ಅದು ಅವನ ದೊಡ್ಡತನ’ ಎನ್ನುವಲ್ಲಿ ಈ ಎರಡನೆಯದು. ಕ್ರಿಯಾಪದವಾಗಿ ಬಂದಾಗ ಎರಡು ದಾರಿ: ಹಣವನ್ನು ಖಾತೆ‘ಗೆ’ ಕ್ರೆಡಿಟ್ ಮಾಡಿದರೆ ‘ಟು’, ಖಾತೆಯನ್ನು ಹಣ‘ದಿಂದ’ ಕ್ರೆಡಿಟ್ ಮಾಡಿದರೆ ‘ವಿತ್’. ಒಬ್ಬರಿಗೆ ಒಂದು ಶೋಧದ ಶ್ರೇಯಸ್ಸು ಕೊಡುವಾಗಲೂ ಹಾಗೆಯೇ, ‘ಕ್ರೆಡಿಟೆಡ್ ವಿತ್’ ಅನ್ನಬೇಕು; ‘ಫಾರ್’ ಕೂಡ ಕೆಲವು ಕಡೆ ನಡೆಯುತ್ತದೆ. ನಂಬುವ ಹಳೆಯ ಅರ್ಥವೂ ಸತ್ತಿಲ್ಲ: ‘ಕುಡ್ ಯು ಕ್ರೆಡಿಟ್ ಇಟ್?’ ಅಂದರೆ ‘ನಂಬ್ತೀಯಾ ಇದನ್ನ?’ ಅಂತ.

ಅಂಗಡಿಯವನು ವಾಪಸು ಬಂದ ಮಾಲಿಗೆ ‘ಕ್ರೆಡಿಟ್ ನೋಟ್’ ಕೊಡುತ್ತಾನೆ. ಇಲ್ಲೂ ಪುಸ್ತಕ ಯಾರದು ಅಂತ ಕೇಳಿ: ನೋಟು ಬರೆದವನ ವಹಿಯಲ್ಲಿ ನಿಮ್ಮ ಖಾತೆ ಕ್ರೆಡಿಟ್ ಆಯಿತು, ನಿಮ್ಮ ಬಾಕಿ ಅಷ್ಟು ಇಳಿಯಿತು. ನಮ್ಮ ಸೆಮಿಸ್ಟರಿನ ಕ್ರೆಡಿಟ್ಟೂ ಜಮೆಯೇ. ವಾರಕ್ಕೆ 1 ಗಂಟೆಯ ಪಾಠ ಒಂದು ಸೆಮಿಸ್ಟರ್ ನಡೆದರೆ 1 ಕ್ರೆಡಿಟ್ ಎಂಬುದು ಸಾಮಾನ್ಯ ಲೆಕ್ಕ. ಪಾಠಕ್ಕೆ ಕೂತವನು ನಿದ್ದೆ ಮಾಡಿದರೆ ಏನು ಅಂತ ಅದರಲ್ಲಿ ಬರೆದಿಲ್ಲ.

ಕ್ರೆಡಿಟ್ ಕಾರ್ಡಿನ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ, ನನ್ನ ಹತ್ತಿರ ಇಲ್ಲ. ಡೆಬಿಟ್ ಕಾರ್ಡು ಇದೆ. ಅದನ್ನು ಉಜ್ಜಿದಾಗ ಬ್ಯಾಂಕಿನ ವಹಿಯಲ್ಲಿ ನನ್ನ ಖಾತೆ ಡೆಬಿಟ್ ಆಗುತ್ತದೆ, ಅಂದರೆ ಬ್ಯಾಂಕು ನನಗೆ ಕೊಡಬೇಕಾದದ್ದು ಕಡಿಮೆಯಾಗುತ್ತದೆ. ಹೆಸರು ಅದಕ್ಕೇ ಬಂದದ್ದು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಇದನ್ನೆಲ್ಲ ಅವ್ವನ ಮುಂದೆ ಕೂತು ಹೇಳಿದೆ. ಪಚಿಯೋಲಿ, ಹೌಸ್ ಆಫ್ ಲಾರ್ಡ್ಸ್ ಬಿಟ್ಟು ಉಳಿದದ್ದೆಲ್ಲ. ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು.

“ಹಂಗಾದ್ರ ಬ್ಯಾಂಕಿನವರಿಗೆ ನಾನ ಉದ್ರಿ ಕೊಟ್ಟೀನಿ ಅನ್ನು.”

“ಹೂಂ ಅವ್ವಾ.”

“ಮತ್ತ ಅವತ್ತು ಅವರು ಕುರ್ಚಿ ಮ್ಯಾಲ ಕುಂತಿದ್ರು, ನಾನ್ಯಾಕ ನಿಂತಿದ್ದೆ?” ಅಂದಳು.